200 ಎಂಬಿಪಿಎಸ್ ಫೈಬರ್ ಹಾಕಿಸಿದ್ದೇನೆ, ಎರಡು ಬೆಡ್‌ರೂಮ್ ಮನೆಗೆ ಎಂಥ ರೂಟರ್ ತಗೊಳ್ಳಲಿ?

ಮೊದಲು ಡಬ್ಬದ ಮೇಲೆ ಪೋರ್ಟ್ (ಕೇಬಲ್ ಸಿಕ್ಕಿಸುವ ಜಾಗ) ಯಾವುದೆಂದು ಓದಿ. 10/100 ಅಂತಿದ್ದರೆ ಬೇಡ, ನೀವು 200ಕ್ಕೆ ದುಡ್ಡು ಕಟ್ಟಿದರೂ ಅದರಿಂದ 100ಕ್ಕಿಂತ ಜಾಸ್ತಿ ಬರುವುದಿಲ್ಲ. ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟ್ ಇರುವ ವೈಫೈ 6 ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎರಡೂ ಇರುವ) ರೂಟರ್ ಸಾಕು. ವೈಫೈ 7 ನಿಮಗೆ ಸುಮ್ನೆ ಖರ್ಚು, ಫೋನಿನಲ್ಲೂ ಅದು ಇರಬೇಕಲ್ವಾ? ಆಂಟೆನಾ ಎಣಿಸುತ್ತಾ ಕೂರಬೇಡಿ.

ಇಡುವ ಜಾಗ ನೋಡಿಕೊಳ್ಳಿ. ನಾನು ಟಿವಿ ಹಿಂದೆ ತುರುಕಿದ್ದೆ, ಒಳಗಿನ ರೂಮಿನಲ್ಲಿ ಸಿಗ್ನಲ್ ಒಂದೇ ಕಡ್ಡಿ. ಹಾಲ್‌ನ ಶೋಕೇಸ್ ಮೇಲೆ ಇಟ್ಟಾಗ ಮೂರು ಬಂತು. 5 ಗಿಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ, ಆದರೆ ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ, ದೂರದ ರೂಮಿಗೆ 2.4 ವಾಸಿ. ಅಡ್ಮಿನ್ ಪಾಸ್‌ವರ್ಡ್ (ರೂಟರ್ ಸೆಟ್ಟಿಂಗ್ ತೆರೆಯುವುದು) ಮರೆಯದೆ ಬದಲಿಸಿ. ಸೆಕ್ಯುರಿಟಿಯಲ್ಲಿ ಡಬ್ಲ್ಯೂಪಿಎ3 (ವೈಫೈಗೆ ಬೀಗ ಹಾಕುವ ಹೊಸ ವಿಧಾನ) ಆರಿಸಿ, ಹಳೇ ಫೋನ್ ಕನೆಕ್ಟ್ ಆಗದಿದ್ದರೆ ಅದರ ಹಿಂದಿನ ಡಬ್ಲ್ಯೂಪಿಎ2.