ಸೀಮಾಸ್ಟರ್‌ನ ಹೊಸ ಆವೃತ್ತಿಗಾಗಿ ಕಾಯಬೇಕೇ?

ಒಮೆಗಾ ಸೀಮಾಸ್ಟರ್ ಡೈವರ್ 300ಎಂ ಗಡಿಯಾರ ಕೊಳ್ಳಲು ಹಣ ಹೊಂದಿಸಿಕೊಂಡಿದ್ದೀರಿ. ಆದರೆ ಈಗಿನ ವಿನ್ಯಾಸ 2018ರದ್ದಾದ ಕಾರಣ, ಕೊಂಡ ಮರುತಿಂಗಳೇ ಹೊಸದು ಬಂದುಬಿಟ್ಟರೆ ಎಂಬ ಅಳುಕು ನಿಮ್ಮನ್ನು ತಡೆದಿದೆ. ನೇತ್ರಾಣಿಯಲ್ಲಿ ಸ್ಕೂಬಾ ಕಲಿಯುತ್ತಿರುವುದಾಗಿಯೂ ಬರೆದಿದ್ದೀರಿ. ಇದೇ ಗಡಿಯಾರವನ್ನು ಕೆಲವು ವರ್ಷಗಳಿಂದ ಕಟ್ಟುತ್ತಿರುವವನಾಗಿ ನನ್ನ ಅಭಿಪ್ರಾಯ ಇಷ್ಟು: ಈಗಿನದು ನಿಮ್ಮ ಕೈಗೆ ಒಪ್ಪುವುದಾದರೆ ಕಾಯಬೇಡಿ.

ಹೊಸ ಆವೃತ್ತಿ ಎಂದರೆ ಹಳೆಯದಕ್ಕೆ ಒಳ್ಳೆಯದನ್ನು ಸೇರಿಸಿದ್ದು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಗಡಿಯಾರಗಳಲ್ಲಿ ಹಾಗೆ ಆಗುವುದಿಲ್ಲ. ಒಂದು ಬಂದಾಗ ಇನ್ನೊಂದು ಹೋಗುತ್ತದೆ. 1993ರಲ್ಲಿ ಬಂದ ಸೀಮಾಸ್ಟರ್‌ನ ಗುರುತೇ ಆಗಿದ್ದ ಡಯಲ್ ಮೇಲಿನ ಅಲೆಗಳು, 2018ಕ್ಕೆ ಹಿಂದಿನ ಸೆರಾಮಿಕ್ ಬೆಜೆಲ್‌ನ (ಡಯಲ್ ಸುತ್ತ ತಿರುಗುವ ಬಳೆಯ) ಮಾದರಿಯಲ್ಲಿ ಮಾಯವಾಗಿದ್ದವು. 2018ರಲ್ಲಿ ಅವು ಮರಳಿ ಬಂದವು, ಜೊತೆಗೆ ಗಡಿಯಾರದ ಅಗಲ 41 ಮಿಲಿಮೀಟರ್‌ನಿಂದ 42ಕ್ಕೆ ಏರಿತು. ಅಲೆಗಳಿಗಾಗಿ ಕಾದವರಿಗೆ ಅಲೆಗಳು ಸಿಕ್ಕವು, ಆದರೆ ಸಣ್ಣ ಮಣಿಕಟ್ಟಿನವರಿಗೆ ಗಡಿಯಾರ ಇನ್ನಷ್ಟು ದೊಡ್ಡದಾಯಿತು. ರೋಲೆಕ್ಸ್ ಸಬ್‌ಮರಿನರ್‌ನದ್ದೂ ಇದೇ ಕಥೆ. 2020ರಲ್ಲಿ ಅದು 40ರಿಂದ 41 ಮಿಲಿಮೀಟರ್ ಆಯಿತು; ಒಮ್ಮೆ ಪೂರ್ತಿ ಕೀಲಿ ಕೊಟ್ಟರೆ ಸುಮಾರು 48 ಗಂಟೆ ಓಡುತ್ತಿದ್ದ ಯಂತ್ರದ ಜಾಗಕ್ಕೆ 70 ಗಂಟೆ ಓಡುವ ಯಂತ್ರ ಬಂತು. ತಾಂತ್ರಿಕವಾಗಿ ಇದು ಮುನ್ನಡೆಯೇ. ಆದರೆ ಅದೇ ವರ್ಷ ಹಸಿರು ಡಯಲ್, ಹಸಿರು ಬೆಜೆಲ್‌ನ ಮಾದರಿಯ ತಯಾರಿಕೆ ನಿಂತು, ಅದರ ಬದಲಿಗೆ ಕಪ್ಪು ಡಯಲ್‌ನದು ಬಂತು. ಹಸಿರು ಡಯಲ್ ಬಯಸಿ ‘ಮುಂದಿನದು ಬರಲಿ’ ಎಂದು ಕಾದವರು ಮತ್ತೆ ಅದನ್ನು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಗೆ ಹುಡುಕಬೇಕಾಯಿತು.

ಇನ್ನು, ಹೊಸದರಲ್ಲಿ ಏನು ಉತ್ತಮಗೊಳ್ಳಬಹುದು? ಈಗಿನ ಸೀಮಾಸ್ಟರ್‌ನಲ್ಲಿರುವ 8800 ಎಂಬ ಯಂತ್ರ 15,000 ಗಾಸ್‌ನಷ್ಟು ಕಾಂತಕ್ಷೇತ್ರವನ್ನು ತಡೆಯುತ್ತದೆ, 55 ಗಂಟೆ ಓಡುತ್ತದೆ, ಮತ್ತು ದಿನಕ್ಕೆ 0ಯಿಂದ 5 ಸೆಕೆಂಡ್‌ವರೆಗೆ ಮಾತ್ರ ಮುಂದೆ ಹೋಗಬಹುದೆಂಬ ಮಿತಿಗೆ ಒಳಪಟ್ಟು ಪ್ರಮಾಣೀಕರಣ ಪಡೆದಿದೆ. ಇದಕ್ಕಿಂತ ಮೇಲಿನದು ಬಂದರೂ ದಿನಬಳಕೆಯಲ್ಲಿ ನಿಮಗೆ ವ್ಯತ್ಯಾಸ ಗೊತ್ತಾಗುವುದು ಕಷ್ಟ. ನೀರಿನ ಕೆಳಗಂತೂ ಕಾಯುವುದಕ್ಕೆ ಕಾರಣವೇ ಇಲ್ಲ. ಹವ್ಯಾಸಿ ಸ್ಕೂಬಾದ ಮಿತಿ 40 ಮೀಟರ್; ಈ ಗಡಿಯಾರದ್ದು 300. ಹತ್ತರ ಅಂಕಿಯ ಬಳಿ ಇರುವ ಹೀಲಿಯಂ ಕವಾಟವೂ, ಹೀಲಿಯಂ ಬೆರೆತ ಗಾಳಿ ಉಸಿರಾಡುತ್ತ ಒತ್ತಡದ ಕೋಣೆಗಳಲ್ಲಿ ದಿನಗಟ್ಟಲೆ ಇರುವ ವೃತ್ತಿಪರ ಮುಳುಗುಗಾರರಿಗಾಗಿ ಇರುವಂಥದ್ದು. ಮುಂದಿನ ಮಾದರಿಯಲ್ಲಿ ಅದನ್ನು ಉಳಿಸಲಿ, ತೆಗೆಯಲಿ, ನೇತ್ರಾಣಿಯ ನೀರಿನಲ್ಲಿ ನಿಮಗೆ ಎರಡೂ ಒಂದೇ.

ನಿಜವಾಗಿ ತೂಗಬೇಕಾದದ್ದು ಗಾತ್ರವನ್ನು ಮತ್ತು ಬೆಜೆಲನ್ನು. ಶೋರೂಮ್‌ನಲ್ಲಿ ಕಟ್ಟಿಕೊಂಡು ಕೈಯನ್ನು ಮೇಜಿನ ಮೇಲಿಟ್ಟು ಮೇಲಿನಿಂದ ನೋಡಿ: ಬ್ರೇಸ್‌ಲೆಟ್ ಸೇರುವ ಎರಡು ತುದಿಗಳ ನಡುವಿನ ಅಂತರ ಸುಮಾರು 50 ಮಿಲಿಮೀಟರ್ ಇದ್ದು, ಅವು ಮಣಿಕಟ್ಟಿನ ಅಂಚನ್ನು ದಾಟಿ ಹೊರಗೆ ಚಾಚಿದರೆ ಈ ಗಡಿಯಾರ ನಿಮ್ಮದಲ್ಲ. ಅಂಗಿಯ ತೋಳಿನೊಳಗೆ ಸಲೀಸಾಗಿ ಜಾರುತ್ತದೆಯೇ ಎಂದೂ ನೋಡಿ. ಬಳಿಕ ಬೆರಳು ಒದ್ದೆ ಮಾಡಿಕೊಂಡು ಬೆಜೆಲ್ ತಿರುಗಿಸಿ. ಅದರ ಅಂಚು ಹಲ್ಲುಹಲ್ಲಾಗಿರದೆ ಅಲೆಯಂತೆ ಬಾಗಿರುವುದರಿಂದ ಒದ್ದೆ ಬೆರಳಿಗೆ ಹಿಡಿತ ಸಾಲುವುದಿಲ್ಲ; ಒಮೆಗಾ ಏನನ್ನಾದರೂ ತಿದ್ದುವುದಾದರೆ ಮೊದಲು ಇದನ್ನೇ ತಿದ್ದಲಿ ಎಂಬುದು ನನ್ನ ಆಸೆ. ಬ್ರೇಸ್‌ಲೆಟ್‌ನ ಕೊಂಡಿಯ ಬಗ್ಗೆ ನನಗೆ ದೂರಿಲ್ಲ: ಒಳಗಿನ ಗುಂಡಿ ಒತ್ತಿ ಕೈಯಲ್ಲೇ ಸಡಿಲಿಸಬಹುದಾದ್ದರಿಂದ, ಬೇಸಿಗೆಯ ಸಂಜೆ ಮಣಿಕಟ್ಟು ಊದಿಕೊಂಡಾಗ ಬಹಳ ಉಪಯೋಗಕ್ಕೆ ಬರುತ್ತದೆ. ಗಾತ್ರವೇ ತೊಡಕಾದರೆ ಆಗಲೂ ಕಾಯಬೇಕಿಲ್ಲ. 39 ಮಿಲಿಮೀಟರ್ ಅಗಲದ, 200 ಮೀಟರ್ ಮಿತಿಯ ಟ್ಯೂಡರ್ ಬ್ಲ್ಯಾಕ್ ಬೇ ಫಿಫ್ಟಿ ಎಯ್ಟ್ 2018ರಿಂದಲೇ ಇದೆ.

ಕಾಯುವುದಕ್ಕೆ ಒಂದು ದಿನಾಂಕವಾದರೂ ಇರಬೇಕು. ರೋಲೆಕ್ಸ್, ಟ್ಯೂಡರ್‌ಗಳ ಹೊಸ ಮಾದರಿಗಳು ಸಾಮಾನ್ಯವಾಗಿ ವಸಂತದಲ್ಲಿ ಜಿನೀವಾದ ಮೇಳದಲ್ಲಿ ಪ್ರಕಟವಾಗುವುದರಿಂದ, ಅವನ್ನು ಮಾರ್ಚ್‌ನಲ್ಲಿ ಕೊಳ್ಳಹೊರಟವರಿಗೆ ಕೆಲವು ವಾರ ತಡೆಯಿರಿ ಎನ್ನುತ್ತೇನೆ. ಒಮೆಗಾ ಆ ಮೇಳದಲ್ಲಿ ಭಾಗವಹಿಸುವುದಿಲ್ಲ, ವರ್ಷದ ಯಾವ ತಿಂಗಳಲ್ಲಾದರೂ ಹೊಸದನ್ನು ಪ್ರಕಟಿಸುತ್ತದೆ. ಭಾರತದಲ್ಲಿ ಕೊಳ್ಳುವವರಿಗೆ ಬೆಲೆಯ ಲೆಕ್ಕವೊಂದಿದೆ: ಸ್ವಿಟ್ಜರ್ಲೆಂಡ್ ಸೇರಿದಂತೆ ನಾಲ್ಕು ದೇಶಗಳ ಕೂಟದೊಂದಿಗಿನ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಿಂದ ಜಾರಿಯಲ್ಲಿದ್ದು, ಸ್ವಿಸ್ ಗಡಿಯಾರಗಳ ಆಮದು ಸುಂಕ ವರ್ಷವರ್ಷವೂ ಹಂತಹಂತವಾಗಿ ಇಳಿಯಲಿದೆ. ಆದರೆ ಕಂಪನಿಗಳು ತಮ್ಮ ಮೂಲ ಬೆಲೆಯನ್ನೂ ಆಗಾಗ ಏರಿಸುವುದರಿಂದ ಅದನ್ನೇ ನಂಬಿ ಕೂರಬೇಡಿ. ಇಂದಿನ ಬೆಲೆಯನ್ನು ಶೋರೂಮ್‌ನಿಂದ ಬರಹದಲ್ಲಿ ಪಡೆಯಿರಿ, ಐದು ವರ್ಷದ ವಾರಂಟಿ ಕಾರ್ಡಿನಲ್ಲಿ ನೀವು ಕೊಂಡ ದಿನಾಂಕವೇ ನಮೂದಾಗಿದೆಯೇ ಎಂದು ನೋಡಿ, ಕಟ್ಟಿಕೊಂಡೇ ಹೊರಬನ್ನಿ.