ಮೂರು ಪೆನ್ನು, ಒಂದು ಚೀಟಿ

ಪ್ರಿಯ ಮೇಡಂ,

ಹೆಸರು ಹಾಕಬೇಡಿ ಎಂದಿದ್ದಿರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ನಿಮ್ಮ ಪತ್ರದ ವಿಷಯವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನೀವು ಒಂದು ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತೀರಿ. ಅಲ್ಲಿ ವಾರಕ್ಕೆರಡು ದಿನ ಚಾಪೆಲ್, ಅಂದರೆ ಪ್ರಾರ್ಥನಾ ಸಭೆ, ಇದೆ, ಮೊದಲ ವರ್ಷಕ್ಕೆ ಬೈಬಲ್ ಕ್ಲಾಸು, ಎರಡನೇ ವರ್ಷಕ್ಕೆ ನೀತಿಶಾಸ್ತ್ರದ ಪೇಪರು. ಇಷ್ಟೆಲ್ಲ ಇದ್ದೂ ಕಳೆದ ಪರೀಕ್ಷೆಯಲ್ಲಿ ಒಬ್ಬ ಹುಡುಗನ ತೋಳಿನೊಳಗಿಂದ ಚೀಟಿ ಬಿತ್ತು. ಅವನು ಚಾಪೆಲ್‌ನಲ್ಲಿ ಹಾಡು ನಡೆಸಿಕೊಡುವವನು. ಈಗ ಆಡಳಿತದವರು ‘ನೀತಿಶಾಸ್ತ್ರಕ್ಕೆ ಇನ್ನೊಂದು ಪೇಪರು ಸೇರಿಸೋಣ’ ಎನ್ನುತ್ತಿದ್ದಾರೆ. ಒಳ್ಳೆಯ ನಡತೆಯನ್ನು ಕಲಿಸಲು ಆಗುತ್ತದೆಯೇ, ನಾವು ಎಲ್ಲಿ ಎಡವಿದೆವು ಎಂದು ನೀವು ಕೇಳಿದ್ದೀರಿ.

ಇನ್ನೊಂದು ಪೇಪರಿನಿಂದ ಏನೂ ಆಗದು ಅನ್ನಿಸುತ್ತದೆ. ಇರುವುದನ್ನು ತೆಗೆಯಿರಿ ಎನ್ನುತ್ತಿಲ್ಲ. ಆದರೆ ಓದಿಗೂ ನಡತೆಗೂ ನಡುವೆ ನಾವು ಅಂದುಕೊಂಡಷ್ಟು ಹತ್ತಿರದ ನೆಂಟಸ್ತಿಕೆ ಇಲ್ಲ. ಇದನ್ನು ಹೇಳಿದವರು ಧರ್ಮದ ವಿರೋಧಿಗಳೇನಲ್ಲ. ಮುಂದೆ ಕಾರ್ಡಿನಲ್ ಆದ ಜಾನ್ ಹೆನ್ರಿ ನ್ಯೂಮನ್ 1852ರಲ್ಲಿ ಡಬ್ಲಿನ್‌ನಲ್ಲಿ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಬಗ್ಗೆ ಉಪನ್ಯಾಸ ಕೊಡುವಾಗಲೇ ಜ್ಞಾನ ಬೇರೆ, ಸದ್ಗುಣ ಬೇರೆ ಎಂದಿದ್ದರು. ಮನುಷ್ಯನ ಆಸೆ, ಅಹಂಕಾರಗಳನ್ನು ಬರೀ ಓದಿನಿಂದ ಗೆಲ್ಲಲು ಹೋಗುವುದು, ಕ್ಷೌರದ ಕತ್ತಿಯಿಂದ ಬಂಡೆ ಸೀಳಲು ಹೋದ ಹಾಗೆ ಎಂದು ಅವರ ಲೆಕ್ಕ.

1920ರ ದಶಕದಲ್ಲಿ ಅಮೆರಿಕದಲ್ಲಿ ಹ್ಯೂ ಹಾರ್ಟ್‌ಶಾರ್ನ್ ಮತ್ತು ಮಾರ್ಕ್ ಮೇ ಎಂಬ ಸಂಶೋಧಕರು ಸಾವಿರಾರು ಶಾಲಾ ಮಕ್ಕಳಿಗೆ ಮೋಸ ಮಾಡುವ ಅವಕಾಶ ಬೇಕೆಂದೇ ಒದಗಿಸಿ, ಏನು ಮಾಡುತ್ತಾರೆ ಎಂದು ನೋಡಿದರು. ತರಗತಿಯಲ್ಲಿ ಪ್ರಾಮಾಣಿಕನಾಗಿದ್ದ ಹುಡುಗ ಆಟದಲ್ಲಿ ಸುಳ್ಳು ಹೇಳಿದ. ಆಟದಲ್ಲಿ ಸರಿಯಿದ್ದವಳು ಮನೆಗೆ ಕೊಟ್ಟ ಲೆಕ್ಕದಲ್ಲಿ ಉತ್ತರ ನೋಡಿಕೊಂಡಳು. ಪ್ರಾಮಾಣಿಕರು ಇವರು, ಮೋಸಗಾರರು ಅವರು ಎಂದು ಗೆರೆ ಎಳೆಯಲು ಅವರಿಗೆ ಆಗಲೇ ಇಲ್ಲ.

ನಿಮಗೆ ನಿಜಕ್ಕೂ ಹೇಳಬೇಕಾದದ್ದು ಇನ್ನೊಂದು ಪ್ರಯೋಗದ ಕಥೆ. ಪ್ರಿನ್ಸ್‌ಟನ್‌ನ ದೇವಶಾಸ್ತ್ರದ ಸೆಮಿನರಿಯಲ್ಲಿ ನಡೆದದ್ದು, 1973ರಲ್ಲಿ ಪ್ರಕಟವಾದದ್ದು. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಮುಂದೆ ಪಾದ್ರಿಗಳಾಗಬೇಕಿದ್ದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕರೆದು ಒಂದು ಸಣ್ಣ ಭಾಷಣ ತಯಾರು ಮಾಡಿಕೊಳ್ಳಲು ಹೇಳಿದರು. ಅರ್ಧ ಜನರಿಗೆ ಕೊಟ್ಟ ವಿಷಯ, ಸುವಾರ್ತೆಯಲ್ಲಿ ಬರುವ ಒಳ್ಳೆಯ ಸಮಾರ್ಯದವನ ಸಾಮ್ಯ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಯಾಜಕನೂ ದೇವಾಲಯದ ಸೇವೆಯ ಲೇವಿಯನೂ ನೋಡಿಯೂ ನೋಡದಂತೆ ದಾಟಿ ಹೋಗುತ್ತಾರಲ್ಲ, ಹೊರಗಿನವನಾದ ಸಮಾರ್ಯದವನೊಬ್ಬ ನಿಂತು ಉಪಚರಿಸುತ್ತಾನಲ್ಲ, ಅದೇ ಕಥೆ. ಭಾಷಣ ಮಾಡಬೇಕಾದ್ದು ಪಕ್ಕದ ಕಟ್ಟಡದಲ್ಲಿ. ಹೊರಡುವಾಗ ಕೆಲವರಿಗೆ ‘ಇನ್ನೂ ಸಮಯ ಇದೆ, ಆದರೂ ಹೊರಡಿ’ ಎಂದರು. ಕೆಲವರಿಗೆ ‘ಅಯ್ಯೋ, ತಡವಾಯ್ತು, ಅಲ್ಲಿ ಆಗಲೇ ಕಾಯುತ್ತಿದ್ದಾರೆ’ ಎಂದರು. ಹೋಗುವ ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತಿದ್ದ. ತಲೆ ಕೆಳಗೆ ಹಾಕಿದ್ದ, ಕಣ್ಣು ಮುಚ್ಚಿತ್ತು. ಇವರು ಹತ್ತಿರ ಬಂದಾಗ ಕೆಮ್ಮಿ ನರಳುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದ್ದೂ ಪ್ರಯೋಗದವರೇ.

ಅವಸರವಿಲ್ಲದವರಲ್ಲಿ 100ಕ್ಕೆ 63 ಮಂದಿ ನಿಂತು ಸಹಾಯ ಮಾಡಿದರು. ತಡವಾಯ್ತು ಎಂದು ಓಡಿಸಿದವರಲ್ಲಿ ನಿಂತವರು 100ಕ್ಕೆ 10 ಮಾತ್ರ. ತಲೆಯಲ್ಲಿ ಸಮಾರ್ಯದವನ ಕಥೆ ಇತ್ತೋ ಬೇರೆ ವಿಷಯ ಇತ್ತೋ ಎಂಬುದರಿಂದ ಖಚಿತವಾಗಿ ಹೇಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಸಮಾರ್ಯದವನ ಬಗ್ಗೆ ಮಾತಾಡಲು ಹೋಗುತ್ತಿದ್ದವರಲ್ಲೇ ಕೆಲವರು ಆ ಮನುಷ್ಯನನ್ನು ಅಕ್ಷರಶಃ ದಾಟಿಕೊಂಡು ಹೋದರು. ಪ್ರಯೋಗ ಸಣ್ಣದು ನಿಜ, 40 ಜನರದ್ದು ಅಷ್ಟೇ. ಆದರೂ ಇದನ್ನು ಮೊದಲು ಓದಿದಾಗ ನಾನು ನಕ್ಕೆ. ಆಮೇಲೆ ನಗು ನಿಂತಿತು. ಆ ಹುಡುಗರು ಕೆಟ್ಟವರಲ್ಲ. ಯಾರೋ ತಮಗಾಗಿ ಕಾಯುತ್ತಿದ್ದಾರೆ, ಅವರಿಗೆ ಕೊಟ್ಟ ಮಾತು ತಪ್ಪಬಾರದು ಎಂದೇ ಓಡಿದವರು. ಓಡಿಸಿದವರು ಯಾರು ಎನ್ನುವುದು ಪ್ರಶ್ನೆ.

ನಿಮ್ಮ ಹುಡುಗನ ಬಗ್ಗೆ ನಾನು ಕೇಳುವುದೂ ಅದನ್ನೇ. ಆ ವಾರ ಅವನಿಗೆ ಎಷ್ಟು ಪರೀಕ್ಷೆ ಇತ್ತು? ಹಾಡಿನ ತಾಲೀಮು ಎಷ್ಟು ಸಂಜೆ ಇತ್ತು? ಚಾಪೆಲ್‌ನಲ್ಲಿ ಎಲ್ಲರ ಮುಂದೆ ನಿಲ್ಲುವವನು ಫೇಲ್ ಆದರೆ ಏನಾಗುತ್ತದೆ ಎಂಬ ಭಯ ಎಷ್ಟಿತ್ತು? ಅವನ ತಪ್ಪನ್ನು ಮುಚ್ಚಲು ಇದನ್ನು ಕೇಳುತ್ತಿಲ್ಲ. ಚೀಟಿ ಬರೆದದ್ದು ಅವನೇ.

ಇಲ್ಲಿ ನನ್ನದೇ ಒಂದು ಕಥೆ ಹೇಳುವುದು ಒಳ್ಳೆಯದು, ಇಲ್ಲದಿದ್ದರೆ ಬೇರೆಯವರ ಬಗ್ಗೆ ಮಾತಾಡುವುದು ಸುಲಭವಾಗಿಬಿಡುತ್ತದೆ. ನಾನು ಓದಿದ್ದೂ ಕ್ರೈಸ್ತ ಕಾಲೇಜಿನಲ್ಲೇ. ಫಿಸಿಕ್ಸ್ ಪ್ರಾಕ್ಟಿಕಲ್‌ನಲ್ಲಿ ಲೋಲಕದ ಪ್ರಯೋಗ ಬಂದಿತ್ತು. ದಾರಕ್ಕೆ ಗುಂಡು ಕಟ್ಟಿ ತೂಗಿಸಿ, 20 ಸಲ ಓಲಾಡಲು ಎಷ್ಟು ಹೊತ್ತು ಬೇಕು ಎಂದು ನೋಡಿ, ಗುರುತ್ವದ ಬೆಲೆ ಕಂಡುಹಿಡಿಯಬೇಕು. 9.8ರ ಹತ್ತಿರ ಬಂದರೆ ಪೂರ್ತಿ ಅಂಕ, ದೂರ ಹೋದಷ್ಟೂ ಕಡಿಮೆ. ನಾನು ಗುಂಡನ್ನು ಮುಟ್ಟಲೂ ಇಲ್ಲ. ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದೆ. ಗ್ರಾಫ್ ಎಳೆದರೆ ಒಂದು ಚುಕ್ಕಿಯೂ ಗೆರೆ ಬಿಟ್ಟು ಆಚೆ ಹೋಗಿರಲಿಲ್ಲ. ಮೇಷ್ಟ್ರು ರೆಕಾರ್ಡ್ ನೋಡಿದರು. ಗ್ರಾಫ್ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, ಪಕ್ಕದವರಿಗೂ ಕೇಳದಂತೆ ಹೇಳಿದರು: ‘ಆ ಟೇಬಲ್ಲಿನ ಸ್ಟಾಪ್‌ವಾಚ್ ಸೋಮವಾರದಿಂದ ಓಡುತ್ತಿಲ್ಲ.’

ಅಂದು ಗುರುವಾರ.

ಅವರು ಬೈಯಲಿಲ್ಲ. ಮರುದಿನ ಸಂಜೆ ಬರಹೇಳಿದರು, ತಮ್ಮ ಕೈಗಡಿಯಾರ ಬಿಚ್ಚಿ ಕೊಟ್ಟರು. ಎರಡು ಗಂಟೆ ತೂಗಿಸಿದೆ. 9.4 ಬಂತು. ‘ಎಲ್ಲಿ ತಪ್ಪಾಗಿರಬಹುದು ಅಂತ ಕೆಳಗೆ ಬರಿ’ ಎಂದರು. ಬರೆದೆ. ಅಂಕ ಕೊಟ್ಟರು, ಪೂರ್ತಿ ಅಲ್ಲ. ನನಗೆ ಅದಕ್ಕಿಂತ ಜಾಸ್ತಿ ನೆನಪಿರುವುದು ಆಮೇಲೆ ನಡೆದದ್ದು. ಮುಂದಿನ ವರ್ಷದಿಂದ ಅವರು ಅಂಕ ಕೊಡುವ ರೀತಿಯನ್ನೇ ಬದಲಾಯಿಸಿದರು. ಉತ್ತರ 9.8 ಬರಲೇಬೇಕೆಂಬುದನ್ನು ಬಿಟ್ಟು, ತಪ್ಪು ಎಲ್ಲಿ ನುಸುಳಿತು ಎಂಬ ವಿವರಣೆಗೆ ಅಂಕ ಇಟ್ಟರು. ನನ್ನ ಸುಳ್ಳಿನಲ್ಲಿ ಲ್ಯಾಬಿನ ಪಾಲೂ ಇದೆ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ತಿದ್ದಿಕೊಂಡರು ಅಷ್ಟೇ.

ಹಾಗಾಗಿ ಈ ಪ್ರಕರಣ ನೋಡುತ್ತಿರುವ ನಿಮ್ಮ ಸಮಿತಿಗೆ ನನ್ನ ಪ್ರಶ್ನೆ ಒಂದೇ. ನಿಮ್ಮಲ್ಲಿ ನಿಜ ಹೇಳಿದರೆ ಎಷ್ಟು ನಷ್ಟ, ಸುಳ್ಳು ಹೇಳಿದರೆ ಎಷ್ಟು? ಒಬ್ಬ ಹುಡುಗಿ ‘ಸರ್, ಈ ಅಸೈನ್‌ಮೆಂಟ್ ನನ್ನದಲ್ಲ, ಗೆಳತಿಯದ್ದು’ ಎಂದು ತಾನೇ ಬಂದು ಹೇಳಿದರೆ, ಸಿಕ್ಕಿಬಿದ್ದವರಿಗೆ ಕೊಡುವ ಶಿಕ್ಷೆಯನ್ನೇ ಅವಳಿಗೂ ಕೊಡುತ್ತೀರಾ? ಕೊಡುವುದಾದರೆ ಇನ್ನು ಯಾರೂ ಬರುವುದಿಲ್ಲ. ಚಾಪೆಲ್‌ನಲ್ಲಿ ಜಕ್ಕಾಯನ ಕಥೆ ನೀವು ಎಷ್ಟು ಸಲ ಕೇಳಿಲ್ಲ! ಸುಂಕದವನು, ಜನರಿಂದ ವಸೂಲಿ ಮಾಡಿ ತಿಂದವನು, ಮರ ಹತ್ತಿ ಕೂತಿದ್ದ. ಯೇಸು ಮೊದಲು ಹೇಳಿದ್ದು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲಿ ಇರಬೇಕು ಎಂದು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕು ಪಟ್ಟು ವಾಪಸು ಕೊಡುತ್ತೇನೆ ಎಂದು ಜಕ್ಕಾಯ ಹೇಳಿದ್ದು ಅದಾದ ಮೇಲೆ. ಕ್ಷಮೆ ಅಗ್ಗವಾಗಲಿಲ್ಲ, ನಾಲ್ಕು ಪಟ್ಟಿನ ಲೆಕ್ಕ ಇದ್ದೇ ಇತ್ತು. ಆದರೆ ಬಾಗಿಲು ಮೊದಲೇ ತೆರೆದಿತ್ತು. ಕ್ರೈಸ್ತ ವಿಶ್ವವಿದ್ಯಾಲಯದ ಹತ್ತಿರ ಬೇರೆಯವರ ಬಳಿ ಇಲ್ಲದ ಸಾಮಗ್ರಿ ಏನಾದರೂ ಇದ್ದರೆ ಅದು ಇದೇ. ಅದನ್ನು ಚಾಪೆಲ್‌ನಲ್ಲಿ ಬಿಟ್ಟು ಪರೀಕ್ಷಾ ವಿಭಾಗಕ್ಕೆ ಮಾತ್ರ ಬರೀ ಕೈಯಲ್ಲಿ ಹೋಗುತ್ತೀರಲ್ಲ, ಯಾಕೆ?

ಇದನ್ನು ನಡೆಸಿ ತೋರಿಸಿದವರೂ ಇದ್ದಾರೆ. ಪೆನ್ಸಿಲ್ವೇನಿಯಾದ ಹ್ಯಾವರ್‌ಫರ್ಡ್ ಕಾಲೇಜನ್ನು 1833ರಲ್ಲಿ ಕಟ್ಟಿದವರು ಕ್ವೇಕರ್ ಪಂಥದ ಕ್ರೈಸ್ತರು. ಈಗ ಅದು ಯಾವ ಪಂಥಕ್ಕೂ ಸೇರಿದ್ದಲ್ಲ, ಆದರೆ ರೂಢಿ ಉಳಿದಿದೆ. ಅಲ್ಲಿ ಕೊಠಡಿ ಕಾಯಲು ಇನ್ವಿಜಿಲೇಟರ್ ಇಲ್ಲದೆ ಪರೀಕ್ಷೆ ನಡೆಸುವ ಪದ್ಧತಿ ಬಹಳ ಕಾಲದಿಂದ ಇದೆ. ನಡತೆಯ ನಿಯಮಗಳಿಗೆ ವಿದ್ಯಾರ್ಥಿಗಳೇ ಪ್ರತಿ ವರ್ಷ ಮತ ಹಾಕಿ ಒಪ್ಪಿಗೆ ಕೊಡಬೇಕು. ಯಾರಾದರೂ ತಪ್ಪಿದರೆ ವಿಚಾರಿಸುವುದರಲ್ಲೂ ವಿದ್ಯಾರ್ಥಿಗಳೇ ಮುಂದು. ಆಮೇಲೆ ಆ ಪ್ರಕರಣವನ್ನು ನಿಜ ಹೆಸರು ಮರೆಮಾಡಿ ಬರೆದು ಎಲ್ಲರಿಗೂ ಓದಲು ಕೊಡುತ್ತಾರೆ. ಈ ಕೊನೆಯದು ನನಗೆ ತುಂಬಾ ಹಿಡಿಸಿತು. ಹೆಸರಿಗೆ ಮಸಿ ಬಳಿಯದೆ ತಪ್ಪಿನ ಬಗ್ಗೆ ಎಲ್ಲರೂ ಮಾತಾಡಬಹುದಲ್ವಾ? ಡೊನಾಲ್ಡ್ ಮೆಕೇಬ್ ಮತ್ತು ಲಿಂಡಾ ಟ್ರೆವಿನೊ ಎಂಬ ಸಂಶೋಧಕರು 31 ಕಾಲೇಜುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ 1993ರಲ್ಲಿ ಬರೆದದ್ದೂ ಇದಕ್ಕೆ ಹೊಂದುತ್ತದೆ. ಕಾಪಿ ಹೊಡೆಯುವುದರ ಮೇಲೆ ಜಾಸ್ತಿ ಪ್ರಭಾವ ಬೀರಿದ್ದು, ತನ್ನ ಜೊತೆಯವರು ಹೊಡೆಯುತ್ತಾರೋ ಇಲ್ಲವೋ ಎಂಬ ವಿದ್ಯಾರ್ಥಿಯ ಅಂದಾಜು. ಹಾಗೆಂದು ನಾಳೆಯೇ ಇನ್ವಿಜಿಲೇಟರ್‌ಗಳನ್ನು ಮನೆಗೆ ಕಳಿಸಬೇಡಿ. ಒಂದು ಸಣ್ಣ ತರಗತಿ, ಒಂದು ಸಣ್ಣ ಟೆಸ್ಟ್, ಅಲ್ಲಿಂದ ಶುರು ಮಾಡಿ.

ಚಾಪೆಲ್ ಹಾಜರಾತಿಯ ಬಗ್ಗೆ ಒಂದು ಮಾತು, ಬೇಜಾರಾಗಬೇಡಿ. ಕಾರ್ಡ್ ಉಜ್ಜಿ ಹಿಂಬಾಗಿಲಿನಿಂದ ಹೋಗುತ್ತಾರೆ, ಒಬ್ಬನೇ ನಾಲ್ಕು ಕಾರ್ಡ್ ತರುತ್ತಾನೆ ಎಂದು ನೀವೇ ಬರೆದಿದ್ದೀರಿ. ಅಂದರೆ ವಾರಕ್ಕೆರಡು ಸಲ, ದೇವರ ಮನೆಯ ಬಾಗಿಲಲ್ಲೇ, ಪ್ರಾಕ್ಸಿ ಹಾಕುವ ಅಭ್ಯಾಸ ಆಗುತ್ತಿದೆ. ಪಾದ್ರಿಗಳನ್ನು ತಯಾರು ಮಾಡುವ ಉದ್ದೇಶವನ್ನೂ ಇಟ್ಟುಕೊಂಡು ಹುಟ್ಟಿದ ಹಾರ್ವರ್ಡ್ 1886ರಲ್ಲೇ ಕಡ್ಡಾಯ ಚಾಪೆಲ್ ಬಿಟ್ಟಿತು, ಯೇಲ್ 1926ರಲ್ಲಿ. ನೀವೂ ಬಿಡಿ ಎನ್ನಲು ನಾನು ಯಾರು? ಆದರೆ ಬರಲು ಮನಸ್ಸಿಲ್ಲದವರು, ಬೇರೆ ನಂಬಿಕೆಯವರು ಸುಳ್ಳು ಹೇಳದೆ ‘ನಾನು ಬರುವುದಿಲ್ಲ’ ಎನ್ನಲು ಒಂದು ದಾರಿ ಇರಲಿ.

ಚಾಟ್‌ಜಿಪಿಟಿ ಬಗ್ಗೆಯೂ ಕೇಳಿದ್ದೀರಿ. ಎಷ್ಟು ಬಳಸಬಹುದು ಎಂದು ಪ್ರತಿ ಅಸೈನ್‌ಮೆಂಟ್‌ನಲ್ಲೂ ಸ್ಪಷ್ಟವಾಗಿ ಬರೆಯಿರಿ. ಆಮೇಲೆ ಬರೆದವರನ್ನು ಐದು ನಿಮಿಷ ಕೂರಿಸಿಕೊಂಡು ಮಾತಾಡಿಸಿ. ಅವರದ್ದು ಎಷ್ಟು ಎಂದು ಅಲ್ಲೇ ಗೊತ್ತಾಗುತ್ತದೆ.

ಈಗ ನಿಮ್ಮ ಪತ್ರದ ಕೊನೆಯ ಪುಟ. ಅಲ್ಲಿ ನೀವು ಹಾಗೇ ಸುಮ್ಮನೆ ಎಂಬಂತೆ ಒಂದು ಸಾಲು ಬರೆದಿದ್ದೀರಿ. ಮಾನ್ಯತೆಯ ತಪಾಸಣಾ ತಂಡ ಬರುವ ಮುಂಚೆ ಎರಡು ವರ್ಷದ ಮೆಂಟರಿಂಗ್ ರಿಜಿಸ್ಟರ್, ಅಂದರೆ ವಿದ್ಯಾರ್ಥಿಗಳಿಗೆ ಮಾರ್ಗದರ್ಶನ ಮಾಡಿದ ದಾಖಲೆ, ಒಂದೇ ರಾತ್ರಿ ತುಂಬಿಸಿದ್ದು, ಹಳೆಯದಾಗಿ ಕಾಣಲಿ ಎಂದು ಮೂರು ಬೇರೆ ಬೇರೆ ಪೆನ್ನು ಬಳಸಿದ್ದು, ಸಹಿ ಹಾಕಲು ವಿದ್ಯಾರ್ಥಿಗಳನ್ನು ಹಾಸ್ಟೆಲ್‌ನಿಂದ ಕರೆಸಿದ್ದು. ಮೇಡಂ, ನಿಮ್ಮ ಪತ್ರದಲ್ಲಿ ಚೀಟಿಗೆ ನಾಲ್ಕು ಪುಟ ಇದೆ, ಇದಕ್ಕೆ ಒಂದೇ ಸಾಲು. ಸಹಿ ಹಾಕಿದ ಹುಡುಗರ ಲೆಕ್ಕದಲ್ಲಿ ಅದು ತಿರುಗುಮುರುಗಾಗಿರಬಹುದು. ಆ ರಾತ್ರಿ ಅವರು ಕಲಿತದ್ದನ್ನು ಅಳಿಸಲು ಯಾವ ನೀತಿಶಾಸ್ತ್ರದ ಪೇಪರಿನಿಂದಲೂ ಆಗದು. ನನ್ನ ಲೋಲಕಕ್ಕೂ ನಿಮ್ಮ ರಿಜಿಸ್ಟರಿಗೂ ನನಗಂತೂ ವ್ಯತ್ಯಾಸ ಕಾಣುತ್ತಿಲ್ಲ. ಎರಡೂ ಉತ್ತರದಿಂದ ಹಿಂದಕ್ಕೆ ಬರೆದದ್ದು.

ಆ ಹುಡುಗನಿಗೆ ಏನು ಮಾಡೋಣ ಎಂದು ಕೇಳಿದ್ದೀರಿ. ಆ ಪೇಪರಿಗೆ ಸೊನ್ನೆ ಹಾಕಿ, ಅದರಲ್ಲಿ ರಿಯಾಯಿತಿ ಬೇಡ. ಈ ಸೆಮಿಸ್ಟರ್ ಹಾಡು ನಡೆಸುವುದು ಬೇರೆಯವರಿಗಿರಲಿ, ಆದರೆ ತಾಲೀಮಿಗೆ ಅವನು ಬರಲಿ, ಹಿಂದಿನ ಸಾಲಿನಲ್ಲಿ ನಿಂತು ಹಾಡಲಿ. ಎಲ್ಲರೆದುರು ಕ್ಷಮೆ ಕೇಳಿಸುವ ನಾಟಕ ಬೇಡವೇ ಬೇಡ. ಸಮಿತಿಯವರ ಮುಂದೆ ನಿಲ್ಲಿಸುವ ಮೊದಲು ನೀವೊಬ್ಬರೇ ಅವನ ಜೊತೆ ಕೂತು ಮಾತಾಡಿ. ಅವಸರದಲ್ಲಿ ಇರಬೇಡಿ, ಆ ದಿನ ಬೇರೆ ಕ್ಲಾಸು ಇಟ್ಟುಕೊಳ್ಳಬೇಡಿ. ಅವನ ಮಾತೆಲ್ಲ ಮುಗಿದ ಮೇಲೆ, ಧೈರ್ಯ ಬಂದರೆ, ಆ ರಾತ್ರಿ ರಿಜಿಸ್ಟರ್ ತುಂಬಿದವರಲ್ಲಿ ನೀವೂ ಇದ್ದಿರಿ ಎಂದು ಅವನಿಗೆ ಹೇಳಿ. ನೀವು ಇದ್ದಿರಿ ಅಂತ ಪತ್ರದಲ್ಲಿಲ್ಲ. ಆದರೆ ಮೂರು ಪೆನ್ನು ಎಂಬ ಲೆಕ್ಕ ಅಷ್ಟು ಸರಿಯಾಗಿ ಬೇರೆ ಯಾರಿಗೆ ಗೊತ್ತಿರುತ್ತದೆ?

ಮತ್ತೆ ಬರೆಯಿರಿ. ಈ ಸಲವೂ ಹೆಸರು ಹಾಕುವುದಿಲ್ಲ.

ಸಂಪಾದಕ