ವಸಂತದ ಶುರುವಿನಲ್ಲಿ ಜಿಯೋಕ್ಯಾಶಿಂಗ್, ಹಕ್ಕಿ ನೋಡುವುದು, ಕಾಡುದಾರಿ ನಡಿಗೆ: ಒಂದೇ ದಿನ ಮೂರೂ ಆಗುತ್ತಾ?

ಚಳಿಗಾಲ ಮುಗಿಯುತ್ತಿದ್ದಂತೆ ಹೊರಗೆ ಸುತ್ತಾಡಲು ಶುರು ಮಾಡಬೇಕು ಅಂದುಕೊಂಡಿದ್ದೀರಿ. ಜಿಯೋಕ್ಯಾಶಿಂಗ್ (ಯಾರೋ ಅಡಗಿಸಿಟ್ಟ ಡಬ್ಬಿಯನ್ನು, ಅಂದರೆ ಕ್ಯಾಶನ್ನು, ಫೋನಿನ ಜಿಪಿಎಸ್ ಹಿಡಿದು ಹುಡುಕುವ ಆಟ), ಹಕ್ಕಿ ನೋಡುವುದು, ಕಾಡಿನ ಕಾಲುದಾರಿಯ ನಡಿಗೆ, ಮೂರರ ಮೇಲೂ ಆಸೆ. ಒಂದೇ ದಿನದಲ್ಲಿ ಮೂರನ್ನೂ ಸೇರಿಸಬಹುದಾ, ಇಲ್ಲ ಮರಗಳೆಲ್ಲ ಚಿಗುರುವ ತನಕ ಕಾಯಬೇಕಾ, ಜೊತೆಗೆ ಏನೇನು ಒಯ್ಯಬೇಕು ಅಂತ ಕೇಳಿದ್ದೀರಿ.

ಸೇರಿಸಬಹುದು. ಕಾಯಬೇಡಿ. ಆದರೆ ಮೂರನ್ನೂ ಒಟ್ಟೊಟ್ಟಿಗೆ ಮಾಡಲು ಹೋಗಬೇಡಿ. ಜಿಯೋಕ್ಯಾಶಿಂಗ್ ನಿಮ್ಮ ಕಣ್ಣನ್ನು ಫೋನಿಗೂ ನೆಲಕ್ಕೂ ಅಂಟಿಸುತ್ತದೆ. ಹಕ್ಕಿಗೆ ಕಣ್ಣು ಮೇಲಿರಬೇಕು, ಕಿವಿ ತೆರೆದಿರಬೇಕು. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ. ನಾನು ಮಾಡುವುದು ಹೀಗೆ: ಹೋಗುವಾಗ ಹಕ್ಕಿ, ವಾಪಸ್ ಬರುವಾಗ ಕ್ಯಾಶ್. ನಡಿಗೆ ಹೇಗೂ ಎರಡರಲ್ಲೂ ಇರುತ್ತದೆ.

ಈ ಕ್ರಮ ಸುಮ್ನೆ ಹೇಳಿದ್ದಲ್ಲ, ಹೊತ್ತಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಹಗಲು ಉದ್ದವಾಗುತ್ತಾ ಬಂದಂತೆ ಹಕ್ಕಿಗಳ ಮೈಯಲ್ಲಿ ಹಾರ್ಮೋನ್ ಏರುತ್ತದೆ, ಗಂಡುಗಳು ಹಾಡಲು ಶುರು ಮಾಡುತ್ತವೆ. ಹಾಡು ಜೋರಾಗಿರುವುದು ಬೆಳಕು ಹರಿಯುವ ಹೊತ್ತಿಗೆ. ಆಗ ಗಾಳಿ ನಿಂತಿರುತ್ತದೆ, ಸದ್ದು ದೂರ ಹೋಗುತ್ತದೆ. ಹುಳ ಹುಡುಕಲು ಇನ್ನೂ ಬೆಳಕು ಸಾಲದು, ಹಾಗಾಗಿ ಹಾಡುವುದಕ್ಕೆ ಪುರುಸೊತ್ತೂ ಇರುತ್ತದೆ. ಇನ್ನೊಂದು ಲಾಭ, ರಾತ್ರಿ ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಬೆಳಗ್ಗೆ ದಾರಿ ಗಟ್ಟಿಯಾಗಿರುತ್ತದೆ. ಬಿಸಿಲೇರಿದ ಮೇಲೆ ಅದೇ ದಾರಿ ಕೆಸರು. ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು ದಾರಿಯ ಬಾಯಲ್ಲಿರಿ. ಉತ್ತರ ಗೋಳಾರ್ಧದಲ್ಲಿ ಮಾರ್ಚ್ 20ರ ಆಸುಪಾಸು, ದಕ್ಷಿಣದಲ್ಲಿ ಸೆಪ್ಟೆಂಬರ್ 22-23ರ ಆಸುಪಾಸು ಹಗಲು ಬಹಳ ಬೇಗ ಬೇಗ ಉದ್ದವಾಗುತ್ತದೆ. ಹೋದ ವಾರದ ಸೂರ್ಯೋದಯದ ಸಮಯವನ್ನು ನಂಬಿ ಹೊರಟರೆ ತಡವಾಗಿರುತ್ತದೆ.

ಚಿಗುರುವ ತನಕ ಯಾಕೆ ಕಾಯಬಾರದು ಅಂದರೆ, ಎಲೆ ಇಲ್ಲದಿರುವುದೇ ಈ ಕಾಲದ ದೊಡ್ಡ ವರ. ಹೊಸಬರಿಗಂತೂ ಇನ್ನೂ ಹೆಚ್ಚು. ಬೇಸಿಗೆಯಲ್ಲಿ ಹಕ್ಕಿಯ ಸದ್ದು ಕೇಳುತ್ತದೆ, ಹಕ್ಕಿ ಕಾಣುವುದಿಲ್ಲ. ಈಗ ಬೋಳು ಕೊಂಬೆಯ ಮೇಲೆ ಹಾಡುವ ಹಕ್ಕಿ ಪೂರ್ತಿ ಕಾಣುತ್ತದೆ, ಅದರ ಕೊಕ್ಕು ಅಲ್ಲಾಡುವುದೂ ಕಾಣುತ್ತದೆ. ಯಾವ ದನಿ ಯಾವ ಹಕ್ಕಿಯದು ಅಂತ ಕಲಿಯಲು ಇದಕ್ಕಿಂತ ಸುಲಭದ ಸಮಯ ಇಲ್ಲ. ಹಾಡುವ ಜಾತಿಗಳೂ ಈಗ ಕಡಿಮೆ. ಮೊದಲು ಶುರು ಮಾಡುವುದು ಅಲ್ಲೇ ಚಳಿಗಾಲ ಕಳೆದ ಹಕ್ಕಿಗಳು. ಕೆರೆ, ಹಿನ್ನೀರಿನ ಮಂಜುಗಡ್ಡೆ ಕರಗಿದ ಹಾಗೆ ಬಾತುಗಳು ಬರುತ್ತವೆ. ಹಾರುವ ಹುಳವನ್ನೇ ನಂಬಿದ ವಲಸೆ ಹಕ್ಕಿಗಳು ಹುಳ ಹೆಚ್ಚಾದ ಮೇಲೆ, ತಡವಾಗಿ ಬರುತ್ತವೆ. ಆಗ ಏಕಕಾಲಕ್ಕೆ ಹತ್ತಾರು ದನಿ, ಯಾವುದು ಯಾವುದೋ ತಲೆಗೆ ಹತ್ತುವುದಿಲ್ಲ. ಈಗ ನಾಲ್ಕೈದು ದನಿ ಕಲಿತಿಟ್ಟುಕೊಂಡರೆ ಆಮೇಲೆ ಬಂದ ಹೊಸಬರನ್ನು ಬೇರೆ ಮಾಡುವುದು ಸಲೀಸು.

ಮರಕುಟಿಗವನ್ನು ಈ ಸಮಯದಲ್ಲಿ ಬಿಡಬೇಡಿ. ಅದು ಟರ್‌ರ್ ಅಂತ ಒಂದೇ ಉಸಿರಿಗೆ ಬಡಿಯುವುದು ಹುಳಕ್ಕಲ್ಲ, ಈ ಜಾಗ ನನ್ನದು ಅಂತ ಸಾರಲು. ಅದಕ್ಕೇ ಚೆನ್ನಾಗಿ ಸದ್ದು ಕೊಡುವ ಒಣ ಕೊಂಬೆಯನ್ನೇ ಆರಿಸುತ್ತದೆ. ಹುಳ ಹುಡುಕುವಾಗಿನ ಕುಟ್ಟುವಿಕೆ ಮೆಲ್ಲಗೆ, ತಾಳ ತಪ್ಪಿ ಇರುತ್ತದೆ.

ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಅಂತ ಬರೆದಿರುವುದನ್ನು ಕೊಳ್ಳಿ. 8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅನ್ನುವುದು, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಗಡಿಯಲ್ಲಿ 10 ಪಟ್ಟಿನದು ಆಸೆ ಹುಟ್ಟಿಸುತ್ತದೆ. ಆದರೆ ಅದರಲ್ಲಿ ಕೈ ನಡುಕವೂ ಜಾಸ್ತಿ ಕಾಣುತ್ತದೆ, ನೋಟದ ಅಗಲವೂ ಸಾಮಾನ್ಯವಾಗಿ ಕಡಿಮೆ. ನಸುಕಿನ ಬೆಳಕಿಗೆ 8x42 ಸರಿ. ಉಪಯೋಗಿಸುವುದರಲ್ಲಿ ಇರುವ ಗುಟ್ಟು ಒಂದೇ. ಹಕ್ಕಿಯನ್ನು ಮೊದಲು ಬರಿಗಣ್ಣಲ್ಲಿ ಹಿಡಿಯಿರಿ. ಅದರ ಮೇಲಿಟ್ಟ ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ಬೈನಾಕ್ಯುಲರ್ ಹಾಕಿಕೊಂಡು ಮರ ಜಾಲಾಡಿದರೆ ಕೊಂಬೆಗಳಷ್ಟೇ ಸಿಗುತ್ತವೆ.

ದನಿ ಗುರುತಿಸಲು ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಮರ್ಲಿನ್ ಆ್ಯಪ್ ಇದೆ, ಉಚಿತ. ಕೇಳಿಸಿಕೊಂಡು ಹೆಸರು ಹೇಳುವ ಸೌಲಭ್ಯ ಅದಕ್ಕೆ 2021ರಲ್ಲಿ ಬಂತು. ಒಳ್ಳೆಯ ಸಾಧನವೇ, ಆದರೆ ಅದು ಹೇಳಿದ್ದನ್ನು ಸುಳಿವು ಅಂತ ತಗೊಳ್ಳಿ, ತೀರ್ಪು ಅಂತ ಅಲ್ಲ. ಹಕ್ಕಿಯನ್ನು ಕಣ್ಣಾರೆ ನೋಡಿ ಖಚಿತ ಮಾಡಿಕೊಳ್ಳಿ. ಇನ್ನೊಂದು ಮಾತು: ಹಕ್ಕಿಯನ್ನು ಕರೆಸಲು ಫೋನಿನಲ್ಲಿ ಅದರ ಹಾಡು ಹಾಕುವವರಿದ್ದಾರೆ. ಈ ಕಾಲದಲ್ಲಿ ಅದು ತೀರಾ ಕೆಟ್ಟ ಕೆಲಸ. ಗಂಡು ಹಕ್ಕಿ ತನ್ನ ಜಾಗಕ್ಕೆ ವೈರಿ ನುಗ್ಗಿದ ಅಂದುಕೊಂಡು, ಇರುವ ಕೆಲಸ ಬಿಟ್ಟು ಇಲ್ಲದವನನ್ನು ಓಡಿಸಲು ಬರುತ್ತದೆ.

ಈಗ ಕ್ಯಾಶ್ ವಿಷಯ. ಈ ಆಟ ಹುಟ್ಟಿದ ಕಥೆ ನನಗೆ ಯಾವತ್ತೂ ಇಷ್ಟ. ಜಿಪಿಎಸ್ ಸಂಕೇತಕ್ಕೆ ಅಮೆರಿಕ ಸರ್ಕಾರ ಬೇಕೆಂದೇ ತಪ್ಪು ಬೆರೆಸುತ್ತಿತ್ತು. ಜನಸಾಮಾನ್ಯರ ಉಪಕರಣದಲ್ಲಿ ಜಾಗ ನೂರು ಮೀಟರ್ ತನಕ ಆಚೀಚೆ ಆಗುತ್ತಿತ್ತು. 2000ದ ಮೇ 2ರ ಹೊತ್ತಿಗೆ ಅದನ್ನು ನಿಲ್ಲಿಸಿದರು. ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬಾತ ಆರೆಗನ್ ರಾಜ್ಯದಲ್ಲಿ ಒಂದು ಬಕೆಟ್ ಅಡಗಿಸಿಟ್ಟು ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್‌ನಲ್ಲಿ ಹಾಕಿದ. ಒಳಗೆ ಬರೆಯಲು ಪುಸ್ತಕ, ಪೆನ್ಸಿಲ್, ಒಂದಷ್ಟು ಚಿಲ್ಲರೆ ವಸ್ತು, ಒಂದು ಡಬ್ಬಿ ಬೀನ್ಸ್. ಇವತ್ತಿನ ನಿಯಮದಲ್ಲಿ ಆ ಬೀನ್ಸ್ ನಡೆಯುವುದಿಲ್ಲ, ವಾಸನೆಗೆ ಪ್ರಾಣಿಗಳು ಡಬ್ಬಿ ಒಡೆಯುತ್ತವೆ ಅಂತ ತಿನ್ನುವ ವಸ್ತು ಇಡುವಂತಿಲ್ಲ. ಉಳಿದದ್ದು ಬಹುಪಾಲು ಹಾಗೇ ಇದೆ. ಹುಡುಕಿ, ಪುಸ್ತಕದಲ್ಲಿ ಹೆಸರು ಬರೆಯಿರಿ. ಏನಾದರೂ ತೆಗೆದುಕೊಂಡರೆ ಅಷ್ಟೇ ಬೆಲೆಯದ್ದು ಇಡಿ. ಡಬ್ಬಿಯನ್ನು ಇದ್ದಲ್ಲೇ, ಇದ್ದ ಹಾಗೇ ಇಡಿ.

ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ನಿಮಗೆ ಅಂತ ಕ್ಯಾಶ್ ಆರಿಸುವಾಗ ಡಬ್ಬಿಯ ಅಳತೆ ನೋಡಿ. ಮೈಕ್ರೋ ಅಂದರೆ 100 ಮಿಲಿಲೀಟರಿಗಿಂತ ಚಿಕ್ಕದು, ಹೆಬ್ಬೆರಳಿನಷ್ಟೂ ಇರಬಹುದು. ನಿಮ್ಮದು ಅದಕ್ಕಿಂತ ದೊಡ್ಡದಾದ ಸ್ಮಾಲ್ ಅಥವಾ ರೆಗ್ಯುಲರ್ ಅಳತೆಯದೇ ಇರಲಿ. ಹುಡುಕುವ ಕಷ್ಟಕ್ಕೂ ದಾರಿಯ ಕಷ್ಟಕ್ಕೂ 1ರಿಂದ 5ರ ತನಕ ಅಂಕ ಕೊಟ್ಟಿರುತ್ತಾರೆ. ಎರಡರಲ್ಲೂ 2 ದಾಟಬೇಡಿ. ಕಳೆದ ಒಂದೆರಡು ತಿಂಗಳಲ್ಲಿ ಯಾರಾದರೂ ಸಿಕ್ಕಿತು ಅಂತ ಬರೆದಿದ್ದಾರಾ ನೋಡಿ. ಎರಡು ಕ್ಯಾಶ್‌ಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು ಅನ್ನುವುದು ನಿಯಮ. ಕೆಲವು ದಾರಿಗಳಲ್ಲಿ ಅಷ್ಟಷ್ಟು ದೂರಕ್ಕೇ ಒಂದೊಂದು ಇಟ್ಟು ಸಾಲು ಮಾಡಿರುತ್ತಾರೆ. ಅಂಥ ದಾರಿ ನಿಮಗೆ ಬೇಡ. ಎಣಿಕೆಯ ಹುಚ್ಚು ಹಿಡಿದರೆ ಹಕ್ಕಿಯೂ ಇಲ್ಲ, ನಡಿಗೆಯೂ ಇಲ್ಲ. ನೀರಿನ ಅಂಚಿನಲ್ಲಿ ಹೋಗುವ ದಾರಿ, ಅದರಲ್ಲಿ ಎರಡು ಮೂರು ಕ್ಯಾಶ್, ಸಾಕು.

ಹುಡುಕುವಾಗ ಫೋನನ್ನು ಕೊನೆಯ ತನಕ ನಂಬಬೇಡಿ. ಕ್ಯಾಶ್‌ನ ಅಕ್ಷಾಂಶ ರೇಖಾಂಶದಲ್ಲಿ ನಿಮಿಷದ (ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಮೂರು ದಶಾಂಶ ಇರುತ್ತದೆ. ಅಕ್ಷಾಂಶದ ಕೊನೆಯ ಅಂಕಿ ಒಂದು ಬದಲಾದರೆ ನೆಲದ ಮೇಲೆ 1.85 ಮೀಟರ್. ಕಾಗದದ ಮೇಲೆ ಅಷ್ಟು ನಿಖರ. ಆದರೆ ಬಯಲಿನಲ್ಲೇ ಫೋನು 5 ಮೀಟರ್‌ನಷ್ಟು ತಪ್ಪುತ್ತದೆ, ಡಬ್ಬಿ ಇಟ್ಟವರ ಉಪಕರಣವೂ ಅಷ್ಟೇ ತಪ್ಪಿರುತ್ತದೆ. ಅಲ್ಲಿಗೆ ಹತ್ತು ಮೀಟರ್ ಆಚೀಚೆ ಆಯಿತು, ಅಲ್ವಾ? ಒದ್ದೆ ಎಲೆಗಳ ಚಪ್ಪರ ಸಂಕೇತವನ್ನು ಇನ್ನೂ ಕೆಡಿಸುತ್ತದೆ. ಈಗ ಆ ಕಾಟ ಕಡಿಮೆ. ಅಷ್ಟು ಹತ್ತಿರ ಹೋದ ಮೇಲೆ ಫೋನ್ ಜೇಬಿಗೆ ಹಾಕಿ, ನಾನಾಗಿದ್ದರೆ ಎಲ್ಲಿ ಅಡಗಿಸುತ್ತಿದ್ದೆ ಅಂತ ಯೋಚಿಸಿ. ಬಿದ್ದ ಕಡ್ಡಿಗಳು ತಾವಾಗಿಯೇ ಸಾಲಾಗಿ ಜೋಡಿಸಿಕೊಳ್ಳುವುದಿಲ್ಲ. ಪಾಚಿ ಇರುವ ಮಗ್ಗುಲು ಕೆಳಗಾಗಿರುವ ಕಲ್ಲನ್ನು ಯಾರೋ ಮುಟ್ಟಿದ್ದಾರೆ.

ಒಂದು ಎಚ್ಚರ ಮಾತ್ರ ಈ ಕಾಲಕ್ಕೇ ಸೇರಿದ್ದು. ಮರದ ಪೊಟರೆಗೆ ಕೈ ಹಾಕಬೇಡಿ. ಗೂಬೆಗಳು ಎಲ್ಲರಿಗಿಂತ ಮೊದಲೇ ಮೊಟ್ಟೆ ಇಟ್ಟು ಕೂತಿರಬಹುದು. ಮೊದಲು ಟಾರ್ಚ್ ಹಾಕಿ ದೂರದಿಂದ ನೋಡಿ. ನೆಲದಲ್ಲಿ ಗೂಡು ಮಾಡುವ ಹಕ್ಕಿಗಳೂ ಇರುತ್ತವೆ. ಒಂದು ಹಕ್ಕಿ ರೆಕ್ಕೆ ಮುರಿದ ಹಾಗೆ ಎಳೆಯುತ್ತಾ ನಿಮ್ಮ ಮುಂದೆ ಓಡಿದರೆ, ಅದಕ್ಕೆ ಏನೂ ಆಗಿಲ್ಲ, ನಿಮ್ಮನ್ನು ಗೂಡಿನಿಂದ ದೂರ ಸೆಳೆಯುತ್ತಿದೆ. ಬಂದ ಹೆಜ್ಜೆಯಲ್ಲೇ ಹಿಂದೆ ಬನ್ನಿ, ಕ್ಯಾಶ್ ಬಿಟ್ಟುಬಿಡಿ. ನಾಯಿ ಕರೆದುಕೊಂಡು ಹೋದರೆ ಹಗ್ಗ ಬಿಚ್ಚಬೇಡಿ.

ಕೆಸರು ಸಿಕ್ಕಾಗ ಪಕ್ಕದ ಹುಲ್ಲಿಗೆ ಇಳಿಯಬೇಡಿ, ನಡುವೆಯೇ ತುಳಿದು ಹೋಗಿ. ಎಲ್ಲರೂ ಪಕ್ಕಕ್ಕೆ ಸರಿದರೆ ಕಾಲುದಾರಿ ವರ್ಷದಿಂದ ವರ್ಷಕ್ಕೆ ಅಗಲವಾಗಿ, ಈಗಷ್ಟೇ ಏಳುತ್ತಿರುವ ಗಿಡಗಳು ಸಾಯುತ್ತವೆ. ಅದಕ್ಕೇ ನೀರು ಒಳಗೆ ಬಾರದ ಬೂಟು ಬೇಕು. ಕೆಲವು ಕಡೆ ಕೆಸರಿನ ತಿಂಗಳುಗಳಲ್ಲಿ ದಾರಿಯನ್ನೇ ಮುಚ್ಚುತ್ತಾರೆ, ಹೊರಡುವ ಮೊದಲು ನೋಡಿಕೊಳ್ಳಿ.

ಬಟ್ಟೆ ಪದರ ಪದರವಾಗಿ ಹಾಕಿ. ನಡೆಯುವಾಗ ಬೆವರು, ಹಕ್ಕಿಗಾಗಿ ನಿಂತಾಗ ನಡುಕ. ಕೈಗವಸು ತೆಳ್ಳಗಿರಲಿ, ಬೈನಾಕ್ಯುಲರಿನ ಗಾಲಿ ತಿರುಗಿಸಬೇಕಲ್ಲ. ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಪೆನ್ ಬಿಟ್ಟು ಪೆನ್ಸಿಲ್ ಒಯ್ಯಿರಿ. ಚಳಿಗಾಲ ಕಳೆದ ಡಬ್ಬಿಯೊಳಗಿನ ಕಾಗದ ತೇವವಾಗಿರುತ್ತದೆ, ಅದರ ಮೇಲೆ ಪೆನ್ ಬರೆಯುವುದಿಲ್ಲ. ಇನ್ನು ಉಣ್ಣಿ. ಚಳಿಯಲ್ಲಿ ಎಲ್ಲಿಯ ಉಣ್ಣಿ ಅನ್ನಬೇಡಿ, ಕೆಲವು ಜಾತಿಯವು 4 ಡಿಗ್ರಿ ದಾಟಿದರೆ ಸಾಕು, ಹುಲ್ಲಿನ ತುದಿಯಲ್ಲಿ ಕಾಯುತ್ತವೆ. ಪ್ಯಾಂಟಿನ ಅಂಚನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದು ಮೊಣಕಾಲ ಹಿಂದೆ, ಕಂಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ, ತಿರುಚಬೇಡಿ.

ಕ್ಯಾಶ್ ಸಿಗದಿದ್ದರೂ ಸಿಗಲಿಲ್ಲ ಅಂತ ಜಿಯೋಕ್ಯಾಶಿಂಗ್ ಆ್ಯಪ್‌ನಲ್ಲಿ ದಾಖಲಿಸಿ. ಸಂಕೋಚಕ್ಕೆ ಎಷ್ಟೋ ಜನ ಬರೆಯುವುದಿಲ್ಲ. ಹಿಮ ಕರಗಿದ ನೀರಿಗೆ ಡಬ್ಬಿ ಕೊಚ್ಚಿಹೋಗಿದ್ದರೆ ಅದನ್ನು ಇಟ್ಟವರಿಗೆ ಗೊತ್ತಾಗುವುದೇ ನೀವು ಬರೆದ ಆ ಒಂದು ಸಾಲಿನಿಂದ.